ರೋಗಿಯ ಸಹಿ ಬೇಕು, ಸಲಹೆ ಬೇಡವೇ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮದ್ರಸದ ವಿದ್ಯಾರ್ಥಿಯೊಬ್ಬನ ಅಜ್ಜಿ ಬಹುಕಾಲದಿಂದ ಸಂಧಿವಾತದಿಂದ ಬಳಲುತ್ತಿದ್ದರು. ನಗರದ ಆಸ್ಪತ್ರೆಯೊಂದರಲ್ಲಿ ಹೊಸ ಔಷಧವೊಂದರ ಅಧ್ಯಯನ ನಡೆಯುತ್ತಿತ್ತು. ಅದಕ್ಕೆ ಸೇರುವಿರಾ ಎಂದು ಅವರನ್ನು ಕೇಳಲಾಗಿತ್ತು. ಕೈಗೆ ಕೊಟ್ಟ ಒಪ್ಪಿಗೆ ಪತ್ರ ಹತ್ತು ಹನ್ನೆರಡು ಪುಟಗಳಷ್ಟಿತ್ತು. ಅಜ್ಜಿಗೆ ಬ್ಯಾರಿ ಭಾಷೆಯ ಹೊರತು ಬೇರೆ ಭಾಷೆ ಬಾರದು. ಓದಿ ಅರ್ಥ ಹೇಳಲೆಂದು ಮನೆಯವರು ನಮ್ಮನ್ನು ಕರೆದೊಯ್ದರು. ಪದವಿಯಲ್ಲಿ ಕನ್ನಡವನ್ನೇ ಓದಿದ ನಮಗೂ ಆ ಪತ್ರದ ಕೆಲವು ವಾಕ್ಯಗಳನ್ನು ಎರಡೆರಡು ಬಾರಿ ಓದಬೇಕಾಯಿತು.

ಎಲ್ಲವನ್ನೂ ಕೇಳಿಸಿಕೊಂಡ ಆ ತಾಯಿ ನಮ್ಮತ್ತ ತಿರುಗಿ ಹೇಳಿದರು: "ಉಸ್ತಾದರೇ, ಸುಬ್‌ಹಿಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ವುಝೂ ಮಾಡಲು ನಳ್ಳಿ ತಿರುಗಿಸುವುದಕ್ಕೂ ಮೊಮ್ಮಗನನ್ನು ಎಬ್ಬಿಸಬೇಕು. ನೋವನ್ನಾದರೂ ಹೇಗೋ ಸಹಿಸಿಕೊಳ್ಳುತ್ತೇನೆ. ಆದರೆ ಹೊತ್ತು ಏರುವ ಮೊದಲೇ ಮೈಯೆಲ್ಲ ಸೋತು ಹೋಗುತ್ತದೆ. ಈ ಮದ್ದಿನಿಂದ ಆ ಸುಸ್ತು ಹೋಗುತ್ತದೆಯೇ ಎಂದು ಡಾಕ್ಟರರನ್ನು ಕೇಳಿ."

ನಾವು ಕೇಳಿದೆವು. ಯುವ ವೈದ್ಯರು ಪ್ರಾಮಾಣಿಕರು. "ಈ ಅಧ್ಯಯನದಲ್ಲಿ ಸುಸ್ತನ್ನು ನಾವು ಅಳೆಯುತ್ತಿಲ್ಲ, ಗಂಟುಗಳ ಊತ ಮತ್ತು ರಕ್ತ ಪರೀಕ್ಷೆಯನ್ನು ನೋಡುತ್ತೇವೆ" ಎಂದರು. ಅಜ್ಜಿ ಮತ್ತೇನೂ ಕೇಳದೆ ಹೆಬ್ಬೆಟ್ಟು ಒತ್ತಿದರು. ಅವರ ಹೆಬ್ಬೆಟ್ಟಿನ ಗುರುತಿಗೆ ಆ ಕಾಗದದಲ್ಲಿ ಜಾಗವಿತ್ತು, ಅವರ ಪ್ರಶ್ನೆಗೆ ಇರಲಿಲ್ಲ.

ಅಂದು ಅದನ್ನು ಅಕ್ಷರ ಬಾರದ ಹಿರಿಯರೊಬ್ಬರ ಮುಗ್ಧ ಪ್ರಶ್ನೆಯೆಂದು ನಾವೂ ಭಾವಿಸಿದ್ದೆವು. ಆ ಭಾವನೆ ತಪ್ಪೆಂದು ತಿಳಿದದ್ದು ಅನಂತರ. ಇದೇ ಪ್ರಶ್ನೆ ಜಗತ್ತಿನ ಸಂಧಿವಾತ ತಜ್ಞರನ್ನು ಒಮ್ಮೆ ಯೋಚನೆಗೆ ಹಚ್ಚಿತ್ತು.

ತಜ್ಞರ ಪಟ್ಟಿಯಲ್ಲಿ ಇಲ್ಲದ ನೋವು

ಸಂಧಿವಾತದ ಔಷಧಗಳನ್ನು ಪರೀಕ್ಷಿಸುವಾಗ ಏನೇನನ್ನು ಅಳೆಯಬೇಕು ಎಂಬುದನ್ನು ನಿರ್ಧರಿಸಲು 'ಒಮೆರಾಕ್ಟ್' ಎಂಬ ಅಂತಾರಾಷ್ಟ್ರೀಯ ತಜ್ಞರ ಕೂಟವೊಂದು 1992ರಿಂದ ಕೆಲಸ ಮಾಡುತ್ತಿದೆ. ಅವರು ಒಪ್ಪಿಕೊಂಡಿದ್ದ ಪಟ್ಟಿಯಲ್ಲಿ ನೋವು, ಊದಿದ ಗಂಟುಗಳ ಸಂಖ್ಯೆ, ಮುಟ್ಟಿದರೆ ನೋಯುವ ಗಂಟುಗಳ ಸಂಖ್ಯೆ, ದೈಹಿಕ ಚಟುವಟಿಕೆ, ರಕ್ತ ಪರೀಕ್ಷೆ ಮುಂತಾದವು ಇದ್ದವು. ಪಟ್ಟಿ ಸಮರ್ಪಕವೆಂದೇ ಎಲ್ಲರೂ ಭಾವಿಸಿದ್ದರು. 2002ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಅವರ ಸಮ್ಮೇಳನಕ್ಕೆ ಮೊದಲ ಬಾರಿಗೆ ರೋಗಿಗಳನ್ನೂ ಆಹ್ವಾನಿಸಲಾಯಿತು. ಅವರನ್ನು ಪರೀಕ್ಷೆಗಾಗಿ ಕರೆದಿರಲಿಲ್ಲ, ತಜ್ಞರ ಜೊತೆ ಕುಳಿತು ಚರ್ಚಿಸಲು ಕರೆದಿದ್ದರು. ಅಲ್ಲಿ ರೋಗಿಗಳು ಹೇಳಿದ ಮಾತು ನಮ್ಮ ಅಜ್ಜಿಯ ಮಾತೇ ಆಗಿತ್ತು. ನಮ್ಮನ್ನು ಹಣ್ಣು ಮಾಡುತ್ತಿರುವುದು ಸುಸ್ತು, ನಿಮ್ಮ ಪಟ್ಟಿಯಲ್ಲಿ ಅದು ಇಲ್ಲ ಎಂದು ಅವರು ತಿಳಿಸಿದರು.

ತಜ್ಞರು ಆ ಮಾತನ್ನು ತಳ್ಳಿಹಾಕಲಿಲ್ಲ. ಸುಸ್ತನ್ನು ಅಳೆಯಲು ಸಾಧ್ಯವೇ ಎಂಬ ಬಗ್ಗೆ ಸಂಶೋಧನೆ ನಡೆಸಿದರು. 2006ರಲ್ಲಿ ಮಾಲ್ಟಾದಲ್ಲಿ ಸೇರಿದ ಸಮ್ಮೇಳನದಲ್ಲಿ, ಸಂಧಿವಾತದ ಅಧ್ಯಯನಗಳಲ್ಲಿ ಸಾಧ್ಯವಿರುವೆಡೆಯಲ್ಲೆಲ್ಲ ಸುಸ್ತನ್ನೂ ಅಳೆಯಬೇಕೆಂಬ ಒಮ್ಮತಕ್ಕೆ ಬಂದರು. ಜ್ಞಾನಿಗಳು, ಅನುಭವಿಗಳು, ಪ್ರಾಮಾಣಿಕರು ಹತ್ತು ವರ್ಷ ಕೂಡಿ ಕುಳಿತರೂ ಕಾಣದ ಸಂಗತಿ ರೋಗಿಗಳು ಬಂದು ಕುಳಿತ ಮೊದಲ ಸಲವೇ ಕಂಡಿತು. ತಜ್ಞರ ಜ್ಞಾನವನ್ನು ಕೀಳಾಗಿಸಲು ನಾವಿದನ್ನು ಹೇಳುತ್ತಿಲ್ಲ. ಊದಿದ ಗಂಟನ್ನು ನೋಡುವವನಿಗೆ ಊತ ಕಾಣುತ್ತದೆ. ಆ ಗಂಟಿನೊಂದಿಗೆ ದಿನ ಕಳೆಯುವವರಿಗೆ ಮಾತ್ರ ಆ ದಿನದ ಭಾರ ತಿಳಿದಿರುತ್ತದೆ. ಎರಡೂ ಜ್ಞಾನವೇ.

ಸಲಹೆಗಾರ ಎಂದರೆ ಯಾರು?

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಧ್ಯಯನವೊಂದರಲ್ಲಿ ಔಷಧ ಸೇವಿಸಿ, ರಕ್ತ ಕೊಟ್ಟು, ಪ್ರಶ್ನೆಗಳಿಗೆ ಉತ್ತರಿಸುವ ರೋಗಿ ಆ ಅಧ್ಯಯನದ ಭಾಗಿದಾರ. ಸಲಹೆಗಾರ ರೋಗಿಯ ಪಾತ್ರ ಬೇರೆ. ಅಧ್ಯಯನ ಆರಂಭವಾಗುವ ಮೊದಲೇ ಅವರು ಸಂಶೋಧಕರ ಜೊತೆ ಕುಳಿತಿರುತ್ತಾರೆ. ಯಾವ ಪ್ರಶ್ನೆಯನ್ನು ಸಂಶೋಧಿಸಬೇಕು, ಯಾವುದನ್ನು ಅಳೆಯಬೇಕು, ಎಷ್ಟು ಬಾರಿ ಆಸ್ಪತ್ರೆಗೆ ಕರೆಸಿದರೆ ಕೂಲಿಯವನಿಗೆ ಬರಲು ಸಾಧ್ಯ, ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿರಬೇಕು, ಕೊನೆಗೆ ಫಲಿತಾಂಶವನ್ನು ಜನರಿಗೆ ಹೇಗೆ ತಿಳಿಸಬೇಕು, ಇವೆಲ್ಲದರಲ್ಲೂ ಅವರಿಗೆ ಮಾತಿರುತ್ತದೆ. ಸಹಿ ಹಾಕುವವನ ಮುಂದೆ ಬರುವುದು ಆಗಲೇ ಮುಗಿದ ತೀರ್ಮಾನ. ಸಲಹೆಗಾರನಾದರೋ ತೀರ್ಮಾನ ಆಗುವಾಗಲೇ ಅಲ್ಲಿರುತ್ತಾನೆ.

ಈ ಹಕ್ಕು ರೋಗಿಗಳಿಗೆ ಯಾರೂ ಕರೆದು ಕೊಟ್ಟದ್ದಲ್ಲ. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಸೇರಿದ ಏಡ್ಸ್ ಪೀಡಿತರ ಗುಂಪೊಂದು, ತಮ್ಮನ್ನು 'ಬಲಿಪಶುಗಳು' ಎಂದು ಕರೆಯಬಾರದು, ತಮ್ಮ ಕುರಿತ ತೀರ್ಮಾನಗಳ ಪ್ರತಿಯೊಂದು ಹಂತದಲ್ಲೂ ತಾವಿರಬೇಕು ಎಂದು ಘೋಷಿಸಿತು. ಅವರಲ್ಲಿ ಅನೇಕರಿಗೆ ತಾವು ಹೆಚ್ಚು ಕಾಲ ಬದುಕುವುದಿಲ್ಲವೆಂದು ಗೊತ್ತಿತ್ತು. ಮುಂದಿನ ವರ್ಷಗಳಲ್ಲಿ ಅಂಥವರು ಬೀದಿಗಿಳಿದು ಪ್ರತಿಭಟಿಸಿದ್ದಷ್ಟೇ ಅಲ್ಲ, ವೈದ್ಯಕೀಯ ಪ್ರಬಂಧಗಳನ್ನು ಓದಿ ಕಲಿತು ವಿಜ್ಞಾನಿಗಳ ಜೊತೆ ಸರಿಸಮನಾಗಿ ವಾದಿಸಿದರು. 1990ರ ಹೊತ್ತಿಗೆ ಆ ದೇಶದ ಏಡ್ಸ್ ಔಷಧ ಪರೀಕ್ಷೆಗಳನ್ನು ನಡೆಸುವ ಸಮಿತಿಗಳಲ್ಲಿ ರೋಗಿಗಳಿಗೆ ಆಸನ ದೊರೆಯಿತು.

ಬ್ರಿಟನ್‌ನಲ್ಲಿ 2004ರಲ್ಲಿ 'ಜೇಮ್ಸ್ ಲಿಂಡ್ ಅಲಯನ್ಸ್' ಎಂಬ ವ್ಯವಸ್ಥೆ ರೂಪುಗೊಂಡಿತು. 1747ರಲ್ಲಿ ಹಡಗಿನ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗಕ್ಕೆ ಯಾವ ಪಥ್ಯ ಫಲ ಕೊಡುತ್ತದೆಂದು ಹೋಲಿಸಿ ನೋಡಿದ ವೈದ್ಯನ ಹೆಸರು ಅದಕ್ಕಿದೆ. ಒಂದೊಂದು ಕಾಯಿಲೆಗೂ ರೋಗಿಗಳು, ಅವರ ಆರೈಕೆ ಮಾಡುವ ಮನೆಯವರು ಮತ್ತು ವೈದ್ಯರು ಒಂದೇ ಮೇಜಿನ ಸುತ್ತ ಕುಳಿತು, ಇನ್ನೂ ಉತ್ತರ ಸಿಗದ ಹತ್ತು ಮುಖ್ಯ ಪ್ರಶ್ನೆಗಳನ್ನು ಆರಿಸುವುದು ಅಲ್ಲಿನ ಕ್ರಮ. 2024ರಲ್ಲಿ ಪರಿಷ್ಕೃತಗೊಂಡ ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆಯೂ, ಸಂಶೋಧನೆಗೆ ಮೊದಲು, ನಡೆಯುವಾಗ ಮತ್ತು ಮುಗಿದ ಮೇಲೆ ಭಾಗಿದಾರರನ್ನೂ ಅವರ ಸಮುದಾಯವನ್ನೂ ಅರ್ಥಪೂರ್ಣವಾಗಿ ತೊಡಗಿಸಿಕೊಳ್ಳಬೇಕೆಂದು ಹೇಳುತ್ತದೆ.

ಇದು ಕೇವಲ ಸೌಜನ್ಯದ ವಿಷಯವೂ ಅಲ್ಲ. ವೈದ್ಯಕೀಯ ಸಂಶೋಧನೆಗೆ ಸುರಿಯುವ ಹಣದಲ್ಲಿ ಬಹುಪಾಲು ವ್ಯರ್ಥವಾಗುತ್ತಿದೆಯೆಂದು ಇಬ್ಬರು ತಜ್ಞರು 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಅವರ ಅಂದಾಜಿನಂತೆ ಆ ಪಾಲು ಶೇ. 85ರಷ್ಟು. ಈ ವ್ಯರ್ಥಕ್ಕೆ ಅವರು ಗುರುತಿಸಿದ ಮೊದಲ ಕಾರಣ, ರೋಗಿಗೂ ವೈದ್ಯನಿಗೂ ಮುಖ್ಯವಲ್ಲದ ಪ್ರಶ್ನೆಗಳನ್ನು ಆರಿಸಿಕೊಳ್ಳುವುದು. ಪ್ರಶ್ನೆಯೇ ತಪ್ಪಾಗಿದ್ದರೆ ಉತ್ತರ ಎಷ್ಟು ನಿಖರವಾಗಿದ್ದರೇನು ಪ್ರಯೋಜನ?

ಸಮಾಲೋಚನೆ ನಮಗೆ ಹೊಸದೇ?

ಸಮಾಲೋಚನೆಯ ಹೆಸರನ್ನೇ ಹೊತ್ತ ಅಧ್ಯಾಯವಿರುವ ಗ್ರಂಥವನ್ನು ನಂಬಿದವರು ನಾವು. ಖಂದಕ್ ಯುದ್ಧದ ಸಂದರ್ಭದಲ್ಲಿ ಮದೀನದ ಸುತ್ತ ಕಂದಕ ತೋಡುವ ಸಲಹೆ ಬಂದದ್ದು ಪರ್ಶಿಯಾದಿಂದ ಬಂದಿದ್ದ ಸಲ್ಮಾನ್(ರ)ರಿಂದ. ಅವರು ಆ ನಾಡಿನ ಗಣ್ಯರಲ್ಲ, ದಾಸ್ಯವನ್ನು ಅನುಭವಿಸಿದ್ದವರು. ಆದರೆ ಅರಬರಿಗೆ ಗೊತ್ತಿಲ್ಲದ ಉಪಾಯವನ್ನು ತಮ್ಮ ನಾಡಿನಲ್ಲಿ ಕಂಡು ಬಲ್ಲವರಾಗಿದ್ದರು. ಪ್ರವಾದಿ(ಸ)ರು ಆ ಸಲಹೆಯನ್ನು ಸ್ವೀಕರಿಸಿದರು. ಯಾರ ಬಳಿ ಅನುಭವವಿದೆಯೋ ಅವರ ಮಾತಿಗೆ ಬೆಲೆಯಿದೆ, ಅವರ ಸ್ಥಾನಮಾನ ಅದಕ್ಕೆ ಅಡ್ಡಿಯಲ್ಲ ಎಂಬ ಪಾಠ ಇದರಲ್ಲಿಲ್ಲವೇ? ಇದನ್ನು ಪ್ರತಿ ವರ್ಷವೂ ಮಕ್ಕಳಿಗೆ ಬೋಧಿಸುವ ನಾವು ನಮ್ಮ ಊರಿನ ಆಸ್ಪತ್ರೆಯ ವಿಷಯ ಬಂದಾಗ ಏಕೆ ಮೌನವಾಗುತ್ತೇವೆ?

ನಮ್ಮ ಬದುಕಿಗೆ ತೀರ ಹತ್ತಿರವಾದ ಉದಾಹರಣೆಯೊಂದಿದೆ. ಮಧುಮೇಹಿಗಳು ರಮಝಾನ್ ಉಪವಾಸ ಆಚರಿಸಬಹುದೇ ಎಂದು ಕೇಳಿದಾಗ ವೈದ್ಯರ ಉತ್ತರ ಬಹಳ ಕಾಲ 'ಬೇಡ' ಎಂಬ ಒಂದೇ ಪದದಲ್ಲಿ ಮುಗಿಯುತ್ತಿತ್ತು. 2001ರಲ್ಲಿ 13 ದೇಶಗಳ 12,000ಕ್ಕೂ ಹೆಚ್ಚು ಮಧುಮೇಹಿ ಮುಸ್ಲಿಮರ ನಡುವೆ 'ಎಪಿಡಯಾರ್' ಎಂಬ ಅಧ್ಯಯನ ನಡೆಯಿತು. ಟೈಪ್ 1 ಮಧುಮೇಹವಿದ್ದವರಲ್ಲಿ ಸುಮಾರು ಶೇ. 43, ಟೈಪ್ 2 ಇದ್ದವರಲ್ಲಿ ಸುಮಾರು ಶೇ. 79 ಮಂದಿ ಕನಿಷ್ಠ 15 ದಿನ ಉಪವಾಸ ಆಚರಿಸಿದ್ದರೆಂದು ಅದರಿಂದ ತಿಳಿದುಬಂತು. ಅಂದರೆ ಲಕ್ಷಾಂತರ ಜನ ಉಪವಾಸ ಮಾಡುತ್ತಲೇ ಇದ್ದರು. ಮದ್ದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು, ಇನ್ಸುಲಿನ್ ಎಷ್ಟು ತಗ್ಗಿಸಬೇಕು, ಯಾವ ಲಕ್ಷಣ ಕಂಡಾಗ ಉಪವಾಸ ಬಿಡಲೇಬೇಕು ಎಂಬ ಮಾರ್ಗದರ್ಶನ ಅವರಿಗೆ ಬೇಕಾಗಿತ್ತು. ಆ ಅಧ್ಯಯನದಲ್ಲೂ ರೋಗಿಗಳು ಉತ್ತರ ಕೊಡುವವರಾಗಿದ್ದರೇ ಹೊರತು ಸಲಹೆಗಾರರಾಗಿರಲಿಲ್ಲ. ಆದರೂ ಅದರ ಪ್ರಶ್ನೆ ರೋಗಿಗಳ ಬದುಕಿನಿಂದಲೇ ಹುಟ್ಟಿದ್ದರಿಂದ ವೈದ್ಯರ ಗಮನ ನಿಷೇಧದಿಂದ ಮಾರ್ಗದರ್ಶನದ ಕಡೆಗೆ ಹೊರಳಲು ಅದು ನೆರವಾಯಿತು. ಇಂಥ ಇನ್ನೆಷ್ಟು ಪ್ರಶ್ನೆಗಳು ನಮ್ಮ ಮನೆಗಳ ಅಡುಗೆಕೋಣೆಯಲ್ಲೇ ಉಳಿದುಬಿಟ್ಟಿವೆಯೋ!

ಕಾನೂನಿನಲ್ಲಿರುವ ಖಾಲಿ ಕುರ್ಚಿ

ನಮ್ಮ ದೇಶದ ಸ್ಥಿತಿಯೇನು? 2009-10ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನವೊಂದು 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳ ಮೇಲೆ ನಡೆಯಿತು. ಕೆಲವು ಬಾಲಕಿಯರ ಸಾವಿನ ವರದಿ ಬಂದಾಗ 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಇರುವಂತೆ ತನಿಖಾ ಸಮಿತಿಗೆ ಕಾಣಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯಲ್ಲಿ ಗಂಭೀರ ಲೋಪಗಳು ಬೆಳಕಿಗೆ ಬಂದವು. ಅನೇಕ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಲಸಿಕೆಯ ಉದ್ದೇಶ ಒಳ್ಳೆಯದೇ. ಆದರೆ ಆ ಹೆಣ್ಣುಮಕ್ಕಳ ತಾಯಂದಿರಲ್ಲಿ ನಾಲ್ವರನ್ನಾದರೂ ಮೊದಲೇ ಕರೆದು ಕೂರಿಸಿ ಕೇಳಿದ್ದರೆ, ಬೇರೆಯವರು ಅವರ ಪರವಾಗಿ ಸಹಿ ಹಾಕುವ ಯೋಚನೆಗೆ ಅಲ್ಲೇ ತಡೆ ಬೀಳುತ್ತಿತ್ತು. ಒಳ್ಳೆಯ ಲಸಿಕೆಯೊಂದರ ಬಗ್ಗೆ ಜನರ ಮನಸ್ಸಿನಲ್ಲಿ ಸಂಶಯ ಬೇರೂರುವುದೂ ತಪ್ಪುತ್ತಿತ್ತು.

ಅನಂತರ ನಿಯಮಗಳು ಬಿಗಿಯಾದವು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಔಷಧ ಪರೀಕ್ಷೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು. ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ ಇರಲೇಬೇಕು. ಸಮಾಜ ವಿಜ್ಞಾನಿ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ, ತತ್ವಶಾಸ್ತ್ರಜ್ಞ, ನೀತಿಶಾಸ್ತ್ರಜ್ಞ ಅಥವಾ ಧರ್ಮಶಾಸ್ತ್ರಜ್ಞ, ಇವರಲ್ಲಿ ಒಬ್ಬರಿರಬೇಕು. ಧರ್ಮಶಾಸ್ತ್ರಜ್ಞ ಎಂಬ ಪದವನ್ನು ನಮ್ಮ ಆಲಿಮರು ಗಮನವಿಟ್ಟು ಓದಲಿ. ನಿರ್ದಿಷ್ಟ ಕಾಯಿಲೆಗಳ ಅಧ್ಯಯನವಿದ್ದಾಗ ಆ ರೋಗಿಗಳ ಪ್ರತಿನಿಧಿಯನ್ನೂ ಕರೆಯಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಸಮುದಾಯ ಸಲಹಾ ಮಂಡಳಿಗಳ ಪ್ರಸ್ತಾಪವೂ ಅದರಲ್ಲಿದೆ.

ಆದರೆ ಸಮಿತಿಯ ಸಾಮಾನ್ಯ ನಾಗರಿಕನೇ ರೋಗಿ ಸಲಹೆಗಾರನಲ್ಲ. ಸಿದ್ಧವಾದ ಯೋಜನೆಯಿಂದ ಯಾರಿಗೂ ಅನ್ಯಾಯವಾಗದಂತೆ ನೋಡುವುದು ಅವನ ಕೆಲಸ. ಯೋಜನೆಯನ್ನು ರೂಪಿಸುವಾಗ ರೋಗಿಯ ಮಾತು ಕೇಳಲೇಬೇಕೆಂದು ಈ ನಿಯಮಗಳು ಕಡ್ಡಾಯ ಮಾಡಿಲ್ಲ. 'ಕರೆಯಬಹುದು' ಎಂಬ ಪದ 'ಕರೆಯಬೇಕು' ಎಂದಾಗಬೇಕು ಎಂಬುದೇ ನಮ್ಮ ಆಗ್ರಹ.

ಇದು ಎಷ್ಟು ಅಗತ್ಯವೆಂಬುದಕ್ಕೆ ಮಲೆನಾಡೇ ಸಾಕ್ಷಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಜ್ವರ ಕಾಣಿಸಿಕೊಂಡಾಗ, ಮಂಗಗಳು ಸಾಯುವುದಕ್ಕೂ ಮನುಷ್ಯರಿಗೆ ಜ್ವರ ಬರುವುದಕ್ಕೂ ನಂಟಿದೆಯೆಂದು ಗುರುತಿಸಿದವರು ಊರಿನ ಜನ. 'ಮಂಗನ ಕಾಯಿಲೆ' ಎಂಬ ಹೆಸರು ಅವರದೇ. ಮುಂದೆ ಲಸಿಕೆ ಬಂತು. ಪದೇ ಪದೇ ಡೋಸ್ ಪಡೆಯಬೇಕಾದ ತೊಡಕಿನಿಂದಲೂ ಚುಚ್ಚಿದ ಜಾಗದ ತೀವ್ರ ನೋವಿನಿಂದಲೂ ಅನೇಕರು ಅದರಿಂದ ದೂರ ಉಳಿದರು. ಈಗ ಆ ಹಳೆಯ ಲಸಿಕೆ ನಿಂತು ಹೊಸದರ ಪ್ರಯತ್ನ ನಡೆದಿದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಲಸಿಕೆಗೆ ಬರಲು ಸಾಧ್ಯವೇ, ತರಗೆಲೆ ತರಲು ಕಾಡಿಗೆ ಹೋಗುವ ಹೆಂಗಸರನ್ನು ತಲುಪುವುದು ಹೇಗೆ, ಎಷ್ಟು ನೋವನ್ನು ಜನ ತಾಳಿಯಾರು ಎಂಬುದಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಆ ಕಾಯಿಲೆಯಿಂದ ಎದ್ದು ಬಂದವರಲ್ಲಿ ಇದೆ.

ಆಕ್ಷೇಪಗಳು

ರೋಗಿಗೆ ವಿಜ್ಞಾನ ತಿಳಿಯುವುದಿಲ್ಲ, ಅವನೇನು ಸಲಹೆ ಕೊಟ್ಟಾನು ಎಂಬುದು ಮೊದಲ ಆಕ್ಷೇಪ. ರೋಗಿಯಿಂದ ನಿರೀಕ್ಷಿಸುವುದು ವಿಜ್ಞಾನವನ್ನಲ್ಲ. ಮನೆ ಕಟ್ಟಿಸುವವನಿಗೆ ಕಬ್ಬಿಣದ ಲೆಕ್ಕ ತಿಳಿಯದು. ಆದರೆ ಒಲೆ ಎಲ್ಲಿರಬೇಕೆಂದು ಅವನ ಮನೆಯಾಕೆಯನ್ನು ಕೇಳದ ಮೇಸ್ತ್ರಿ ಜಾಣನಲ್ಲ.

ಒಬ್ಬ ರೋಗಿ ಎಲ್ಲ ರೋಗಿಗಳನ್ನು ಪ್ರತಿನಿಧಿಸಲಾರ ಎಂಬುದು ಎರಡನೆಯದು. ಈ ಮಾತಿನಲ್ಲಿ ಸತ್ಯವಿದೆ. ಇಂಗ್ಲಿಷ್ ಬಲ್ಲ, ಸ್ವಂತ ವಾಹನವಿರುವ, ಸಭೆಗೆ ಬರಲು ಬಿಡುವಿರುವ ಒಬ್ಬರನ್ನೇ ಎಲ್ಲೆಡೆ ಕೂರಿಸಿದರೆ ಬೀಡಿ ಕಟ್ಟುವ ಹೆಂಗಸಿನ ಕೆಮ್ಮು ಅಲ್ಲಿ ಕೇಳಿಸುವುದಿಲ್ಲ. ಆದ್ದರಿಂದ ಒಬ್ಬರಲ್ಲ, ಹಲವರಿರಬೇಕು. ಅವರಿಗೆ ಬಸ್ಸಿನ ಖರ್ಚಿನ ಜೊತೆಗೆ ಆ ದಿನದ ಕೂಲಿಯನ್ನೂ ಕೊಡಬೇಕು. ಮಾತು ಅವರ ಭಾಷೆಯಲ್ಲೇ ನಡೆಯಬೇಕು. ಬ್ಯಾರಿ, ತುಳು, ದಕ್ಕನಿ ಮಾತನಾಡುವವರಿಗೆ ಕಾಗದ ಓದಿಸುವುದಕ್ಕಿಂತ ಧ್ವನಿಮುದ್ರಣ ಮಾಡಿ ಕೇಳಿಸುವುದು ಮೇಲು.

ಮೂರನೆಯ ಆಕ್ಷೇಪ ಇನ್ನೂ ಗಂಭೀರವಾದುದು. ರೋಗಿಯನ್ನು ಕರೆದು ಚಹಾ ಕೊಟ್ಟು ಫೋಟೋ ತೆಗೆದು ಕಳುಹಿಸುವ ತೋರಿಕೆ ನಡೆಯಬಹುದು. ಔಷಧ ಕಂಪೆನಿಯ ಹಣದಿಂದ ನಡೆಯುವ ರೋಗಿ ಸಂಘಟನೆಗಳು ಕಂಪೆನಿಯ ಮಾತನ್ನೇ ಆಡಬಹುದು. ಇದಕ್ಕೆ ಪರಿಹಾರ ಪಾರದರ್ಶಕತೆ. ರೋಗಿಗಳು ಏನು ಹೇಳಿದರು, ಅದರಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದನ್ನು ಸಂಶೋಧಕರು ಬರೆದು ಪ್ರಕಟಿಸಬೇಕು. ಸಲಹೆಗಾರನಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದೂ ಬಹಿರಂಗವಾಗಿರಬೇಕು.

ನಮ್ಮ ಹೊಣೆ

ಹೊರಗಿನವರಿಗೆ ಹೇಳಿದ ಮೇಲೆ ನಮ್ಮೊಳಗೂ ಒಮ್ಮೆ ನೋಡಿಕೊಳ್ಳೋಣ. ಸಂಶೋಧನೆಯೆಂದರೆ ನಮ್ಮಲ್ಲಿ ಎರಡು ಬಗೆಯ ವರ್ತನೆಯಿದೆ. ಒಂದು, ನಮ್ಮನ್ನು ಇಲಿಗಳಂತೆ ಬಳಸುತ್ತಾರೆಂದು ದೂರ ಸರಿಯುವುದು. ಇನ್ನೊಂದು, ಡಾಕ್ಟರರು ಹೇಳಿದ ಮೇಲೆ ಮುಗಿಯಿತೆಂದು ತೋರಿಸಿದಲ್ಲಿ ಸಹಿ ಹಾಕುವುದು. ಎರಡರಲ್ಲೂ ರೋಗಿಯ ಬಾಯಿಂದ ಒಂದು ಪ್ರಶ್ನೆಯೂ ಹೊರಡುವುದಿಲ್ಲ. ಇದರ ಜೊತೆಗೆ ಕಾಯಿಲೆಯನ್ನು ಬಚ್ಚಿಡುವ ಅಭ್ಯಾಸವೂ ಸೇರಿಕೊಂಡಿದೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಅಪಸ್ಮಾರವನ್ನು, ನಾಚಿಕೆಯಿಂದ ಸ್ತನದ ಗಂಟನ್ನು, ಜನ ಏನೆಂದಾರೋ ಎಂದು ಮನೋರೋಗವನ್ನು ಮುಚ್ಚಿಡುತ್ತೇವೆ. ಕೇಳಿದರೆ ಸಬ್ರ್ ಎನ್ನುತ್ತೇವೆ. ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಮಗೆ ಕಲಿಸಿದವರಾರು? ನೋವನ್ನು ತಾಳಿಕೊಳ್ಳುತ್ತಲೇ ಅದರ ಪರಿಹಾರಕ್ಕೆ ಪ್ರಯತ್ನಿಸುವುದು, ತನಗಾದ ಕಷ್ಟ ಇನ್ನೊಬ್ಬರಿಗೆ ಆಗದಿರಲೆಂದು ತನ್ನ ಅನುಭವ ಹೇಳುವುದು ಸಬ್ರ್‌ಗೆ ವಿರುದ್ಧವಲ್ಲ. ಅದೊಂದು ಸೇವೆ.

ಹಾಗಾದರೆ ನಾವು ಮಾಡಬಹುದಾದದ್ದೇನು? ಜಮಾಅತ್‌ಗಳು ರಕ್ತದಾನ ಶಿಬಿರ, ಉಚಿತ ತಪಾಸಣಾ ಶಿಬಿರಗಳನ್ನು ಈಗಾಗಲೇ ನಡೆಸುತ್ತಿವೆ. ಅದೇ ಶಿಬಿರದಲ್ಲಿ ಒಂದು ಗಂಟೆಯನ್ನು ರೋಗಿಗಳ ಮಾತು ಕೇಳಲು ಮೀಸಲಿಡಲಿ. ಮಧುಮೇಹ, ಡಯಾಲಿಸಿಸ್, ಕ್ಯಾನ್ಸರ್ ಇವುಗಳೊಂದಿಗೆ ಬದುಕುವವರು, ವಿಶೇಷವಾಗಿ ಮಹಿಳೆಯರು, ತಮ್ಮ ಉತ್ತರ ಸಿಗದ ಪ್ರಶ್ನೆಗಳನ್ನು ಹೇಳಲಿ. ಅವನ್ನು ಬರೆದು ಸಮೀಪದ ವೈದ್ಯಕೀಯ ಕಾಲೇಜಿಗೆ ಮುಟ್ಟಿಸೋಣ. ಆಲಿಮರು ಮತ್ತು ಅಧ್ಯಾಪಕರು ನೈತಿಕ ಸಮಿತಿಗಳಲ್ಲಿ ಸೇವೆ ಸಲ್ಲಿಸಲು ಮುಂದಾಗಲಿ. ಅದಕ್ಕೆ ಬೇಕಾದ ತರಬೇತಿಯನ್ನೂ ಪಡೆಯಲಿ. ಅಲ್ಲಿ ಒಂದು ಸಮುದಾಯದ ವಕೀಲರಾಗಿ ಕೂರುವುದು ಬೇಡ. ಎಲ್ಲ ಜಾತಿ ಧರ್ಮಗಳ ಬಡ ರೋಗಿಯ ಪರವಾಗಿ ಮಾತನಾಡಲಿ.

ನಮ್ಮ ಮನೆಯವರಿಗೆ ಯಾರಾದರೂ ಒಪ್ಪಿಗೆ ಪತ್ರ ಕೊಟ್ಟರೆ ಸಹಿಗೆ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುವುದನ್ನು ರೂಢಿಸಿಕೊಳ್ಳೋಣ. ಇದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ? 2007ರಿಂದ ಇರುವ ಆ ನೋಂದಣಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಇದನ್ನು ರೂಪಿಸುವಾಗ ಈ ಕಾಯಿಲೆಯ ರೋಗಿಗಳನ್ನು ಕೇಳಿದ್ದೀರಾ? ನಮಗೆ ಅತಿ ಹೆಚ್ಚು ಕಷ್ಟ ಕೊಡುವ ಸಂಗತಿಯನ್ನು ನೀವು ಅಳೆಯುತ್ತಿದ್ದೀರಾ? ಫಲಿತಾಂಶವನ್ನು ನಮಗೆ ತಿಳಿಸುವಿರಾ? ಈ ಪ್ರಶ್ನೆಗಳಿಗೆ ಒಳ್ಳೆಯ ಸಂಶೋಧಕ ಸಿಟ್ಟಾಗುವುದಿಲ್ಲ. ಅವು ಅವನ ಕೆಲಸವನ್ನು ಉತ್ತಮಗೊಳಿಸುತ್ತವೆ.

ಆ ಅಜ್ಜಿ ಈಗ ನಮ್ಮೊಂದಿಗಿಲ್ಲ. ಅಲ್ಲಾಹನು ಅವರಿಗೆ ಕರುಣೆ ತೋರಲಿ. ಅವರು ಭಾಗವಹಿಸಿದ ಅಧ್ಯಯನದ ಫಲಿತಾಂಶವೇನೆಂದು ಅವರಿಗಾಗಲಿ ಮನೆಯವರಿಗಾಗಲಿ ಯಾರೂ ತಿಳಿಸಲಿಲ್ಲ. ಅಂದು ಅವರ ಮಾತನ್ನು ಕನ್ನಡಕ್ಕೆ ತಂದು ಹೇಳಿದ್ದಷ್ಟೇ ನಮ್ಮ ಕೆಲಸವೆಂದು ನಾವು ಸುಮ್ಮನಾದೆವು. 'ಸುಸ್ತನ್ನು ಏಕೆ ಅಳೆಯುತ್ತಿಲ್ಲ?' ಎಂದು ಮರುಪ್ರಶ್ನೆ ಕೇಳಬೇಕಾಗಿತ್ತು. ಕೇಳಲಿಲ್ಲ. ಇಂದು ಈ ಬರಹದ ಮೂಲಕ ಕೇಳುತ್ತಿದ್ದೇವೆ. ಓದುಗರೂ ನಮ್ಮೊಂದಿಗೆ ಕೇಳಲಿ ಎಂಬುದು ನಮ್ಮ ವಿನಂತಿ.